ಶಾಲೆಯ ಕೈತೋಟಕ್ಕೆ ದುಡ್ಡು ಎಲ್ಲಿಂದ, ಹೇಗೆ? ಮೇ ತಿಂಗಳಿನಿಂದ ಲೆಕ್ಕ ಶುರು ಮಾಡಿ

ಮೊದಲ ವರ್ಷ ನಮ್ಮೂರ ಶಾಲೆಯ ಕೈತೋಟಕ್ಕೆ ಸಿಕ್ಕಿದ ದುಡ್ಡಿನಲ್ಲಿ ಒಂದು ಸಲಿಕೆ, ಎರಡು ಗುದ್ದಲಿ, ಒಂದಷ್ಟು ಬೀಜದ ಪೊಟ್ಟಣ, ಜೊತೆಗೆ ದೊಡ್ಡದೊಂದು ಫ್ಲೆಕ್ಸ್ ತಂದೆವು. ಆಗಸ್ಟ್ 15ಕ್ಕೆ ಅದರ ಮುಂದೆ ಫೋಟೊ ತೆಗೆಸಿಕೊಂಡೆವು. ಸೆಪ್ಟೆಂಬರ್‌ನಲ್ಲಿ ಬಿಸಿಯೂಟಕ್ಕೆ ದಂಟಿನ ಸೊಪ್ಪಿನ ಸಾರು ಆಯಿತು. ಮಕ್ಕಳಿಗೆ ಖುಷಿಯೋ ಖುಷಿ. ಏಪ್ರಿಲ್‌ನಲ್ಲಿ ಬೇಸಿಗೆ ರಜೆ ಬಂತು. ಮೇ ಕೊನೆಗೆ ಗೇಟು ತೆಗೆದಾಗ ಉಳಿದಿದ್ದು ಆ ಫ್ಲೆಕ್ಸ್ ಒಂದೇ. ಅದರ ಮೂಲೆಯನ್ನೂ ಆಡುಗಳು ಜಗಿದಿದ್ದವು.

ಆಮೇಲೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯನಾಗಿ ಮೂರು ವರ್ಷ ಪಂಚಾಯಿತಿ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸು, ಡೈರಿ, ಹಳೇ ವಿದ್ಯಾರ್ಥಿಗಳ ಮನೆ ಅಂತ ಓಡಾಡಿದ ಮೇಲೆ ನನಗೆ ಅರ್ಥವಾಗಿದ್ದು ಇಷ್ಟು: ತೋಟ ಶುರು ಮಾಡಲು ದುಡ್ಡು ಸಿಗುತ್ತದೆ. ಅದನ್ನು ಉಳಿಸಿಕೊಳ್ಳಲು ಯಾರೂ ಕೊಡುವುದಿಲ್ಲ, ಯಾಕೆಂದರೆ ನಾವು ಕೇಳುವುದೇ ಇಲ್ಲ. ಸುಮಾರು ನೂರು ಮಕ್ಕಳಿರುವ ಸರ್ಕಾರಿ ಪ್ರಾಥಮಿಕ ಶಾಲೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ನಿಮ್ಮ ಶಾಲೆ ಚಿಕ್ಕದಿದ್ದರೆ ಅಂಕಿಗಳನ್ನು ಇಳಿಸಿಕೊಳ್ಳಿ.

ಹೆಜ್ಜೆ 1: ಮೊದಲು ನೀರಿನ ಲೆಕ್ಕ

ಬೀಜದ ಹೆಸರು ಬರೆಯುವ ಮೊದಲು ಒಂದು ಹಾಳೆ ತೆಗೆದುಕೊಂಡು ನೀರಿನ ಲೆಕ್ಕ ಹಾಕಿ. ತರಕಾರಿ ಮಡಿಗೆ ದಿನಕ್ಕೆ ಒಂದು ಚದರ ಮೀಟರಿಗೆ 4ರಿಂದ 5 ಲೀಟರ್ ನೀರು ಬೇಕು. 40 ಚದರ ಮೀಟರ್ ಮಡಿ ಮಾಡಿದರೆ ದಿನಕ್ಕೆ ಸುಮಾರು 200 ಲೀಟರ್. 15 ಲೀಟರಿನ ಕೊಡದಲ್ಲಿ 13 ಕೊಡ. ಇದನ್ನು ದಿನಾ ಯಾರು ಹೊರುತ್ತಾರೆ? ಮಕ್ಕಳ ಕೈಲಿ ಪಾಠದ ಹೊತ್ತಿನಲ್ಲಿ ಹೊರಿಸುವುದಂತೂ ಬೇಡ.

ಇನ್ನು ನೀರು ಎಲ್ಲಿದೆ ನೋಡಿ. ಊಟಕ್ಕೆ ಮೊದಲು, ಊಟ ಆದ ಮೇಲೆ ನೂರು ಮಕ್ಕಳು ಕೈ-ತಟ್ಟೆ ತೊಳೆದರೆ ದಿನಕ್ಕೆ ಕಡಿಮೆ ಅಂದರೂ ನೂರು ಲೀಟರ್ ಚರಂಡಿ ಪಾಲಾಗುತ್ತದೆ. ಆ ನೀರನ್ನು ಒಂದು ಪೈಪಿನಲ್ಲಿ ತಿರುಗಿಸಿದರೆ ಅರ್ಧ ಚಿಂತೆ ಕಳೆಯಿತು. ಸೋಪಿನ ನೀರು ಸೊಪ್ಪಿನ ಮಡಿಗೆ ಬೇಡ, ಬಾಳೆ, ಪಪ್ಪಾಯಿ, ನುಗ್ಗೆಯ ಬುಡಕ್ಕೆ ಬಿಡಿ.

ಚಾವಣಿಯ ನೀರಿನ ಲೆಕ್ಕ ಇನ್ನೂ ಸುಲಭ. ಒಂದು ಚದರ ಮೀಟರ್ ಚಾವಣಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ವರ್ಷಕ್ಕೆ 600 ಮಿ.ಮೀ. ಮಳೆಯ ಬಯಲುಸೀಮೆಯಲ್ಲೂ 60 ಚದರ ಮೀಟರಿನ ಒಂದು ಕೊಠಡಿಯ ಮೇಲೆ 36,000 ಲೀಟರ್ ಬೀಳುತ್ತದೆ. ಸೋರಿ, ಆವಿಯಾಗಿ ಹೋಗಿದ್ದು ಬಿಟ್ಟರೂ ಮುಕ್ಕಾಲು ಪಾಲು ಕೈಗೆ ಸಿಗುತ್ತದೆ. ಅದನ್ನೆಲ್ಲ ಹಿಡಿದಿಡುವ ತೊಟ್ಟಿ ನಮ್ಮಲ್ಲಿಲ್ಲ, ನಿಜ. ಆದರೆ ದುಡ್ಡು ಕೇಳಲು ಹೋದಾಗ ಈ ಲೆಕ್ಕ ಹೇಳಿದರೆ ಎದುರಿನವರು ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತಾರೆ. ನಾನು ಕಣ್ಣಾರೆ ನೋಡಿದ್ದೇನೆ.

ಹೆಜ್ಜೆ 2: ಎಷ್ಟು ಬೆಳೆಯಬಹುದು ಅಂತ ಸುಳ್ಳು ಹೇಳಬೇಡಿ

ಬಿಸಿಯೂಟದ ನಿಯಮದ ಪ್ರಕಾರ 1ರಿಂದ 5ನೇ ತರಗತಿಯ ಮಗುವಿಗೆ ದಿನಕ್ಕೆ 50 ಗ್ರಾಂ ತರಕಾರಿ, 6ರಿಂದ 8ರವರಿಗೆ 75 ಗ್ರಾಂ. ನೂರು ಚಿಕ್ಕ ಮಕ್ಕಳಿಗೆ ದಿನಕ್ಕೆ 5 ಕೆಜಿ. ವರ್ಷಕ್ಕೆ 200 ದಿನ ಅಂದರೆ 1,000 ಕೆಜಿ, ಒಂದು ಟನ್! ಅರ್ಧ ಗುಂಟೆಗೂ ಕಮ್ಮಿ ಮಡಿಯಲ್ಲಿ ಇದು ಬರುವುದಿಲ್ಲ. ಬರುತ್ತದೆ ಅಂತ ಅರ್ಜಿಯಲ್ಲಿ ಬರೆದರೆ ಮುಂದಿನ ವರ್ಷ ಆ ದಾನಿಯ ಮುಖ ನೋಡಲು ಆಗುವುದಿಲ್ಲ.

‘ವಾರಕ್ಕೆ ಎರಡು ದಿನ ಸಾರಿಗೆ ನಮ್ಮದೇ ಸೊಪ್ಪು, ವರ್ಷವಿಡೀ ಕರಿಬೇವು, ನುಗ್ಗೆ’ ಅಂತ ಹೇಳಿ. ಇದು ಆಗುವ ಮಾತು. ಸೊಪ್ಪೇ ಯಾಕೆ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 5 ವರ್ಷದೊಳಗಿನ ಮಕ್ಕಳಲ್ಲಿ ಶೇ 65.5ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಈ ಮಕ್ಕಳೇ ಈಗ ಪ್ರಾಥಮಿಕ ಶಾಲೆಯ ಬೆಂಚಿನಲ್ಲಿ ಕೂತಿರುವುದು. ಅತ್ತ ಬಿಸಿಯೂಟಕ್ಕೆ ಬೇಳೆ, ತರಕಾರಿ, ಎಣ್ಣೆ, ಸಾಂಬಾರ ಪದಾರ್ಥ, ಗ್ಯಾಸ್ ಎಲ್ಲ ಸೇರಿ ಪ್ರಾಥಮಿಕ ಶಾಲೆಯ ಮಗುವಿಗೆ ದಿನಕ್ಕೆ ಸಿಗುವುದು 6 ರೂಪಾಯಿ 78 ಪೈಸೆ. ಇದು 2025ರ ಮೇ ತಿಂಗಳಿನಿಂದ ಜಾರಿಗೆ ಬಂದ ದರ. ಟೊಮ್ಯಾಟೊ ಬೆಲೆ ಏರಿದ ವಾರ ಅಡುಗೆ ಅಕ್ಕಂದಿರು ಸಾರು ಮಾಡುವುದು ಹೇಗೆ? ಒಂದು ಕಟ್ಟು ಸೊಪ್ಪು ಅವರಿಗೆ ಎಷ್ಟು ಆಸರೆ ಅಂತ ಅವರನ್ನೇ ಕೇಳಿ. ನಿಮ್ಮ ಅರ್ಜಿಯ ಅತ್ಯುತ್ತಮ ಸಾಲು ಅಡುಗೆ ಮನೆಯಲ್ಲೇ ಸಿಗುತ್ತದೆ.

ಹೆಜ್ಜೆ 3: ನಡಾವಳಿ ಬರೆಯಿರಿ, ಬಜೆಟ್ ಹಾಕಿ

ಎಸ್‌ಡಿಎಂಸಿ ಸಭೆಯಲ್ಲಿ ತೋಟದ ವಿಷಯ ಇಟ್ಟು ನಡಾವಳಿ ಪುಸ್ತಕದಲ್ಲಿ ಬರೆಸಿ, ಸಹಿ ಹಾಕಿಸಿ. ಈ ಒಂದು ಪುಟ ಇಲ್ಲದೆ ಪಂಚಾಯಿತಿಯಲ್ಲಾಗಲಿ, ಕಂಪನಿಯಲ್ಲಾಗಲಿ ಬಾಗಿಲು ತೆರೆಯುವುದಿಲ್ಲ. ತೋಟದ ಉಸ್ತುವಾರಿಗೆ ಒಬ್ಬ ಶಿಕ್ಷಕರು, ಒಬ್ಬ ಅಡುಗೆ ಸಿಬ್ಬಂದಿ, ಇಬ್ಬರು ಪೋಷಕರ ಹೆಸರನ್ನು ಅದೇ ಪುಟದಲ್ಲಿ ಬರೆಯಿರಿ. ಹೆಡ್ ಮಾಸ್ಟರ್ ವರ್ಗವಾಗಿ ಹೋದರೂ ಕೆಲಸ ನಿಲ್ಲಬಾರದು, ಅಲ್ವಾ?

ನಾವು ಎರಡನೇ ಸಲ ಹಾಕಿದ ಬಜೆಟ್ ಹೀಗಿತ್ತು. ನಿಮ್ಮ ಊರಿನ ದರ ಬೇರೆ ಇರಬಹುದು.

ಬೇಲಿ, ಚಿಕ್ಕ ಗೇಟು: 14,000
ಸಾವಿರ ಲೀಟರಿನ ಟ್ಯಾಂಕು, ಪೈಪು, ಕಟ್ಟೆ: 10,000
ಬೇಸಿಗೆ ರಜೆಯಲ್ಲಿ ನೀರು ಹಾಯಿಸುವವರಿಗೆ ದಿನಕ್ಕೆ 100ರಂತೆ 50 ದಿನ: 5,000
ಸಲಿಕೆ, ಗುದ್ದಲಿ, ಕುಡುಗೋಲು, ಬಕೆಟ್ಟು, ತೂಕದ ತಕ್ಕಡಿ: 3,500
ರಿಪೇರಿಗೆ: 2,000
ಬೀಜ, ಸಸಿ: 1,500
ಒಟ್ಟು: 36,000

ಬೀಜದ ಸಾಲು ನೋಡಿ. ಎಲ್ಲರೂ ದಾನ ಕೊಡಲು ಮುಂದೆ ಬರುವುದು ಬೀಜಕ್ಕೆ. ಒಟ್ಟು ಖರ್ಚಿನಲ್ಲಿ ಬೀಜದ ಪಾಲು ಶೇ 5 ಕೂಡ ಇಲ್ಲ! ತೋಟ ಸಾಯುವುದು ಮೊದಲ ಮೂರು ಸಾಲಿಗೆ ದುಡ್ಡಿಲ್ಲದೆ. ಅದರಲ್ಲೂ ಮೂರನೆಯದಕ್ಕೆ, ಆ 5,000 ರೂಪಾಯಿಗೆ, ನಾನು ಹುಡುಕಿದ ಮಟ್ಟಿಗೆ ಯಾವ ಸರ್ಕಾರಿ ಅನುದಾನದ ಶೀರ್ಷಿಕೆಯೂ ಸರಿಯಾಗಿ ಹೊಂದಲಿಲ್ಲ. ಹಾಗಾಗಿ ಮುಂದಿನ ಹೆಜ್ಜೆಗಳಲ್ಲಿ ಬಜೆಟ್ಟಿನ ಒಂದೊಂದು ಸಾಲನ್ನೂ ಒಂದೊಂದು ಮನೆ ಬಾಗಿಲಿಗೆ ಒಯ್ಯಬೇಕು. ಮೂವತ್ತಾರು ಸಾವಿರವನ್ನು ಒಬ್ಬರ ಹತ್ತಿರವೇ ಕೇಳಬೇಡಿ.

ಹೆಜ್ಜೆ 4: ಶಾಲೆಯ ಹೆಸರಿಗೇ ಬರುವ ದುಡ್ಡು

ಕೇಂದ್ರದ ಮಾನವ ಸಂಪನ್ಮೂಲ ಅಭಿವೃದ್ಧಿ ಸಚಿವಾಲಯ (ಈಗಿನ ಶಿಕ್ಷಣ ಸಚಿವಾಲಯ) 2019ರ ಅಕ್ಟೋಬರ್‌ನಲ್ಲಿ ಶಾಲಾ ಪೌಷ್ಟಿಕ ಕೈತೋಟಕ್ಕೆ ಮಾರ್ಗಸೂಚಿ ಹೊರಡಿಸಿತು. ಬಿಸಿಯೂಟ ಯೋಜನೆಯ ವಿಶೇಷ ನಿಧಿಯಿಂದ ಒಂದು ತೋಟಕ್ಕೆ 5,000 ರೂಪಾಯಿವರೆಗೆ ಬೀಜ, ಸಲಕರಣೆ, ಗೊಬ್ಬರಕ್ಕೆ ಕೊಡಲು ಅದರಲ್ಲಿ ಅವಕಾಶ ಇದೆ. ಯೋಜನೆಯ ಹೆಸರು 2021ರಲ್ಲಿ ಪಿಎಂ ಪೋಷಣ್ ಅಂತ ಬದಲಾಗಿದೆ. ತಾಲ್ಲೂಕು ಪಂಚಾಯಿತಿಯಲ್ಲಿ ಅಕ್ಷರ ದಾಸೋಹದ (ನಮ್ಮ ರಾಜ್ಯದಲ್ಲಿ ಬಿಸಿಯೂಟಕ್ಕೆ ಇರುವ ಹೆಸರು) ಸಹಾಯಕ ನಿರ್ದೇಶಕರ ಹತ್ತಿರ ‘ಈ ವರ್ಷದ ಪಟ್ಟಿಯಲ್ಲಿ ನಮ್ಮ ಶಾಲೆ ಇದೆಯಾ’ ಅಂತ ಕೇಳಿ. ಇಲ್ಲದಿದ್ದರೆ ಅರ್ಜಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ.

ಎರಡನೆಯದು ಸಮಗ್ರ ಶಿಕ್ಷಣ ಅನ್ನುವ ಕೇಂದ್ರದ ಶಾಲಾ ಯೋಜನೆಯ ಶಾಲಾ ಅನುದಾನ. 30 ಮಕ್ಕಳವರೆಗೆ 10,000, 31ರಿಂದ 100ಕ್ಕೆ 25,000, 101ರಿಂದ 250ಕ್ಕೆ 50,000 ರೂಪಾಯಿ. ಇದರ ಮೇಲೆ ಸೀಮೆಸುಣ್ಣದಿಂದ ಕರೆಂಟ್ ಬಿಲ್ಲಿನವರೆಗೆ ಎಲ್ಲರ ಕಣ್ಣಿರುತ್ತದೆ. ತೋಟಕ್ಕೆ ಅಂತ ಕೇಳಿದರೆ ಹೆಡ್ ಮಾಸ್ಟರ್ ತಲೆ ಅಲ್ಲಾಡಿಸುತ್ತಾರೆ. ಆದರೆ ಇದರಲ್ಲಿ ಕನಿಷ್ಠ ಶೇ 10 ಸ್ವಚ್ಛತೆಗೆ ಖರ್ಚಾಗಬೇಕು ಅನ್ನುವ ನಿಯಮ ಇದೆ. ಕೈ ತೊಳೆಯುವ ಜಾಗ ಸರಿಮಾಡಿ ಅದರ ನೀರನ್ನು ಪೈಪಿನಲ್ಲಿ ಹೊರಗೆ ಹಾಯಿಸುವುದು ಸ್ವಚ್ಛತೆಯೇ. ಪೈಪಿನ ಆ ತುದಿ ತೋಟದಲ್ಲಿರಲಿ.

ಮೂರನೆಯದು ಇಕೋ ಕ್ಲಬ್, ಅಂದರೆ ಶಾಲೆಯ ಪರಿಸರ ಸಂಘ. ಸಮಗ್ರ ಶಿಕ್ಷಣದಲ್ಲೇ ಯುವ ಮತ್ತು ಇಕೋ ಕ್ಲಬ್‌ಗೆ ಶಾಲೆಯ ಹಂತ ನೋಡಿ ಚಿಕ್ಕ ಅನುದಾನ ಇದೆ. ಸಲಕರಣೆಗೆ ಇದು ಹೊಂದುತ್ತದೆ.

ಈ ಮೂರಕ್ಕೂ ಒಂದೇ ಎಚ್ಚರಿಕೆ: ದುಡ್ಡು ಎಷ್ಟೋ ಸಲ ತಡವಾಗಿ ಬರುತ್ತದೆ, ಮಾರ್ಚ್ 31ಕ್ಕೆ ವಾಪಸ್ ಹೋಗುತ್ತದೆ. ಅಂಗಡಿಯ ದರಪಟ್ಟಿಗಳನ್ನು ಮೊದಲೇ ತಂದಿಟ್ಟುಕೊಳ್ಳಿ.

ಶಾಲೆಯ ಕಾಂಪೌಂಡಿನಲ್ಲೇ ಅಂಗನವಾಡಿ ಇದ್ದರೆ ಅವರಿಗೂ ಪೋಷಣ್ ವಾಟಿಕಾ ಅಂತ ತೋಟದ ಕಾರ್ಯಕ್ರಮ ಇದೆ. ಎರಡು ಕಡೆ ಎರಡು ಬೇಲಿ ಯಾಕೆ? ಟೀಚರಮ್ಮನ ಹತ್ತಿರ ಮಾತಾಡಿ.

ಹೆಜ್ಜೆ 5: ಪಂಚಾಯಿತಿಗೆ ಬೇಲಿ, ಟ್ಯಾಂಕು ಒಪ್ಪಿಸಿ

ದೊಡ್ಡ ಖರ್ಚು ಹೊರುವ ಶಕ್ತಿ ಇರುವುದು ಗ್ರಾಮ ಪಂಚಾಯಿತಿಗೆ. ಕಾಂಪೌಂಡು, ಮಳೆನೀರು ಕೊಯ್ಲು, ಇಂಗುಗುಂಡಿ, ಪೌಷ್ಟಿಕ ತೋಟ ಇವನ್ನೆಲ್ಲ ಉದ್ಯೋಗ ಖಾತರಿಯಲ್ಲಿ ಮಾಡಿದ ಶಾಲೆಗಳು ನಮ್ಮ ರಾಜ್ಯದಲ್ಲಿ ಬೇಕಾದಷ್ಟಿವೆ. ಆ ಯೋಜನೆಯಲ್ಲಿ, ಅಂದರೆ ನರೇಗಾದಲ್ಲಿ, ಕೂಲಿ ಕನಿಷ್ಠ ಶೇ 60, ಸಾಮಗ್ರಿ ಹೆಚ್ಚೆಂದರೆ ಶೇ 40 ಅನ್ನುವ ಲೆಕ್ಕ ಇತ್ತು. ಹಾಗಾಗಿ ಮಣ್ಣಿನ ಕೆಲಸ ಸುಲಭವಾಗಿ ಒಪ್ಪಿಗೆಯಾಗುತ್ತಿತ್ತು, ಸಿಮೆಂಟಿನ ಕೆಲಸಕ್ಕೆ ತಕರಾರು ಬರುತ್ತಿತ್ತು. ಉದ್ಯೋಗ ಖಾತರಿಯ ಕಾನೂನು, ನಿಯಮ ಬದಲಾಗುತ್ತಿರುವುದರಿಂದ ಈ ವರ್ಷ ಯಾವ ಕೆಲಸಕ್ಕೆ ಅವಕಾಶ ಇದೆ ಅಂತ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಬಾಯಿಂದಲೇ ಕೇಳಿ.

ಇಲ್ಲಿ ಎಲ್ಲಕ್ಕಿಂತ ಮುಖ್ಯ ಸಮಯ. ಮುಂದಿನ ವರ್ಷದ ಪಂಚಾಯಿತಿ ಯೋಜನೆಯ ತಯಾರಿ ಅಕ್ಟೋಬರ್ 2ರ ಆಸುಪಾಸಿನ ಗ್ರಾಮಸಭೆಗಳಲ್ಲಿ ಶುರುವಾಗುತ್ತದೆ. ಆಗ ಕ್ರಿಯಾ ಯೋಜನೆಗೆ ಸೇರದ ಕೆಲಸ ಜನವರಿಯಲ್ಲಿ ಎಷ್ಟು ಬೇಡಿಕೊಂಡರೂ ಆಗುವುದಿಲ್ಲ. ನಮ್ಮ ಮೊದಲ ಅರ್ಜಿ ಫೆಬ್ರುವರಿಯಲ್ಲಿ ಹೋಗಿತ್ತು. ಒಂದು ವರ್ಷ ಸುಮ್ನೆ ಕಾದೆವು.

ಮಕ್ಕಳ ಗ್ರಾಮಸಭೆಯನ್ನು ಮರೆಯಬೇಡಿ. ನಮ್ಮಲ್ಲಿ ಎಸ್‌ಡಿಎಂಸಿಯ ಪತ್ರ ಎರಡು ಸಲ ಫೈಲಿನಲ್ಲೇ ಉಳಿದಿತ್ತು. ಆರನೇ ಕ್ಲಾಸಿನ ಹುಡುಗಿಯೊಬ್ಬಳು ಮೈಕು ಹಿಡಿದು ‘ನಮ್ಮ ಸೊಪ್ಪನ್ನ ದನ ತಿಂದ್ಕೊಂಡ್ ಹೋಗ್ತವೆ, ಬೇಲಿ ಯಾವಾಗ ಹಾಕ್ತೀರಾ ಸಾರ್?’ ಅಂತ ಕೇಳಿದ್ದು ನಡಾವಳಿಗೆ ಹೋಯಿತು. ಬೇಲಿ ಬಂತು.

ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ಕ್ಷೇತ್ರಕ್ಕೆ ವರ್ಷಕ್ಕೆ 2 ಕೋಟಿ. ಅದು ಕಟ್ಟಡ, ಕೊಳವೆಬಾವಿಯಂಥ ಕೆಲಸಕ್ಕೆ. ತೋಟಕ್ಕೆ ಅಂತ ಕೇಳುವುದಕ್ಕಿಂತ ಶಾಲೆಯ ನೀರಿಗೆ ಅಂತ ಕೇಳಿ.

ಹೆಜ್ಜೆ 6: ದುಡ್ಡು ಕೊಡದೆ ಸಿಗುವುದನ್ನು ದುಡ್ಡು ಕೊಟ್ಟು ತರಬೇಡಿ

ಗೊಬ್ಬರ: ‘ಮನೆಗೊಂದು ಬುಟ್ಟಿ ಕೊಟ್ಟಿಗೆ ಗೊಬ್ಬರ’ ಅಂತ ಮಕ್ಕಳ ಕೈಲಿ ಹೇಳಿ ಕಳಿಸಿ. ಒಂದು ಟ್ರ್ಯಾಕ್ಟರ್ ಟ್ರೈಲರಿನಷ್ಟು ಸೇರುತ್ತದೆ. ಹಸಿ ಸಗಣಿ ಬೇಡ, ಕಳಿತ ಗೊಬ್ಬರ ಅಂತ ಬಿಡಿಸಿ ಹೇಳಿ.

ಸಸಿ, ಬೀಜ: ತೋಟಗಾರಿಕೆ ಇಲಾಖೆಯ ನರ್ಸರಿ, ಸಾಮಾಜಿಕ ಅರಣ್ಯದ ನರ್ಸರಿಗಳಲ್ಲಿ ಸಸಿ ಅಗ್ಗ. ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ತರಕಾರಿ ಬೀಜ ಮಾರುತ್ತದೆ. ಅರ್ಕಾ ಅನಾಮಿಕಾ ಬೆಂಡೆ, ಅರ್ಕಾ ಸುಗುಣ ದಂಟು ಅಲ್ಲಿಯವೇ ತಳಿಗಳು. ಹೈಬ್ರಿಡ್‌ಗಿಂತ ಬೀಜ ಕಟ್ಟಿಟ್ಟುಕೊಳ್ಳಬಹುದಾದ ತಳಿ ತನ್ನಿ, ಮುಂದಿನ ವರ್ಷದ ಖರ್ಚು ಉಳಿಯುತ್ತದೆ. ಊರಿನ ಅಜ್ಜಿಯರ ಹತ್ತಿರ ಇರುವ ಅವರೆ, ಹೀರೆ, ಪಡವಲದ ಬೀಜವಂತೂ ಬಿಟ್ಟಿ. ಕರಾವಳಿಯಾದರೆ ಹರಿವೆ, ತೊಂಡೆ, ಬಸಳೆ. ಉತ್ತರದ ಕಡೆ ಪುಂಡಿಪಲ್ಯ, ಚವಳಿಕಾಯಿ.

ದುಡಿಯುವ ಕೈ: ಕೃಷಿ ವಿಶ್ವವಿದ್ಯಾಲಯಗಳ ಕೊನೇ ವರ್ಷದ ಬಿಎಸ್ಸಿ ವಿದ್ಯಾರ್ಥಿಗಳು ಗ್ರಾಮೀಣ ಕಾರ್ಯಾನುಭವಕ್ಕೆ ಹಳ್ಳಿಗಳಲ್ಲಿ ಬಂದು ಉಳಿಯುತ್ತಾರೆ. ನಿಮ್ಮ ಹೋಬಳಿಗೆ ಬಂದಿದ್ದರೆ ಮಡಿ ಹಾಕುವುದನ್ನು, ಹುಳ ಗುರುತಿಸುವುದನ್ನು ಮಕ್ಕಳಿಗೆ ಅವರೇ ಕಲಿಸುತ್ತಾರೆ. ಹತ್ತಿರದ ಕಾಲೇಜಿನ ಎನ್‌ಎಸ್‌ಎಸ್ ಶಿಬಿರ ಏಳು ದಿನ ಇರುತ್ತದೆ. ಒಂದು ದಿನ ನಿಮ್ಮ ಗುಂಡಿಗಳಿಗೆ ಕೇಳಿ.

ಕೇಂದ್ರ ಸರ್ಕಾರದ ವಿದ್ಯಾಂಜಲಿ ಪೋರ್ಟಲ್‌ನಲ್ಲಿ ಶಾಲೆಯ ಯುಡೈಸ್ ಸಂಖ್ಯೆ (ಪ್ರತಿ ಶಾಲೆಗೂ ಸರ್ಕಾರ ಕೊಟ್ಟಿರುವ ಗುರುತಿನ ನಂಬರ್) ಬಳಸಿ ಬೇಕಾದ ವಸ್ತುಗಳ ಪಟ್ಟಿ ಹಾಕಬಹುದು. ಅಲ್ಲಿ ದುಡ್ಡಿನ ವ್ಯವಹಾರ ಇಲ್ಲ, ವಸ್ತು ಮತ್ತು ಸೇವೆ ಮಾತ್ರ. ಹಾಕಿಟ್ಟು ಕಾಯುತ್ತಾ ಕೂತರೆ ಏನೂ ಬರುವುದಿಲ್ಲ. ಲಿಂಕನ್ನು ಹಳೇ ವಿದ್ಯಾರ್ಥಿಗಳ ವಾಟ್ಸ್ಯಾಪ್ ಗುಂಪಿಗೆ ಹಾಕಿದಾಗ ಕೆಲಸ ಆಗುತ್ತದೆ.

ಹೆಜ್ಜೆ 7: ದಾನಿಗಳ ಹತ್ತಿರ ಬೇಸಿಗೆಯ ನೀರಿಗೆ ಕೇಳಿ

ಆ 5,000 ರೂಪಾಯಿ ಬರಬೇಕಾದ್ದು ಇಲ್ಲಿಂದ. ಸರ್ಕಾರದ ಯೋಜನೆಗಳಲ್ಲಿ ವಸ್ತುವಿಗೆ ದುಡ್ಡು ಇದೆ, ಬೇಸಿಗೆಯಲ್ಲಿ ಬೆಳಿಗ್ಗೆ ಒಂದು ಗಂಟೆ ಬಂದು ನೀರು ಹಾಯಿಸುವ ಕೈಗೆ ಇಲ್ಲ. ನಾವು ಅದನ್ನು ದಿನಗಳಾಗಿ ಒಡೆದೆವು. ‘ನಿಮ್ಮ ಹೆಸರಲ್ಲಿ ಒಂದು ದಿನದ ನೀರು, ನೂರು ರೂಪಾಯಿ.’ ಐವತ್ತು ದಿನ, ಐವತ್ತು ಜನ. ಒಬ್ಬರ ಹತ್ತಿರ ಐದು ಸಾವಿರ ಕೇಳಲು ನಾಲಿಗೆ ತಡವರಿಸುತ್ತದೆ, ನೂರು ಕೇಳಲು ಏನು ಸಂಕೋಚ? ಮಗನ ಹುಟ್ಟುಹಬ್ಬದ ದಿನ, ಅಪ್ಪನ ತಿಥಿಯ ದಿನ ಅಂತ ಜನರೇ ದಿನ ಆರಿಸಿಕೊಂಡರು.

ಊರಿನ ಹಾಲಿನ ಡೈರಿ, ಸೊಸೈಟಿಗಳಲ್ಲಿ ಒಳ್ಳೆಯ ಕೆಲಸಕ್ಕೆ ಸ್ವಲ್ಪ ಎತ್ತಿಡುವ ರೂಢಿ ಇದೆ. ವಾರ್ಷಿಕ ಸಭೆಗೆ ಮುಂಚೆ ಕಾರ್ಯದರ್ಶಿಯನ್ನು ಕಂಡು ಬನ್ನಿ.

ವಿದೇಶದಲ್ಲಿರುವ ಹಳೇ ವಿದ್ಯಾರ್ಥಿ ದುಡ್ಡು ಕಳಿಸುತ್ತೇನೆ ಅಂದರೆ ಖುಷಿಯಲ್ಲಿ ಖಾತೆ ನಂಬರ್ ಕೊಟ್ಟುಬಿಡಬೇಡಿ. ಅವರ ಪಾಸ್‌ಪೋರ್ಟ್ ಇನ್ನೂ ಭಾರತದ್ದೇ ಆಗಿದ್ದು, ಸ್ವಂತ ಉಳಿತಾಯವನ್ನು ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ಅಲ್ಲಿನ ಪೌರತ್ವ ತೆಗೆದುಕೊಂಡಿದ್ದರೆ, ಒಸಿಐ ಕಾರ್ಡ್ (ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವುದು) ಇದ್ದರೂ, ವಿದೇಶಿ ದೇಣಿಗೆ ನಿಯಂತ್ರಿಸುವ ಎಫ್‌ಸಿಆರ್‌ಎ ಕಾನೂನಿನ ಲೆಕ್ಕದಲ್ಲಿ ಅದು ವಿದೇಶಿ ದೇಣಿಗೆ. ಅದಕ್ಕೆ ಬೇರೆ ಅನುಮತಿ ಬೇಕು. ಆ ನೋಂದಣಿ ಇರುವ ಸಂಸ್ಥೆಯೊಂದು ತಾನೇ ನಿಂತು ನಿಮ್ಮ ಶಾಲೆಯಲ್ಲಿ ಕೆಲಸ ಮಾಡಿಸಬಹುದು. 2020ರ ತಿದ್ದುಪಡಿಯ ನಂತರ ದುಡ್ಡನ್ನು ನಿಮ್ಮ ಖಾತೆಗೆ ದಾಟಿಸುವಂತಿಲ್ಲ.

ತೆರಿಗೆ ರಿಯಾಯಿತಿ ಸಿಗುತ್ತದೆ ಅಂತ ಯಾರಿಗೂ ಮಾತು ಕೊಡಬೇಡಿ. ಅದಕ್ಕೆಂದೇ ಆದಾಯ ತೆರಿಗೆ ಇಲಾಖೆಯ ನೋಂದಣಿ (80ಜಿ ಅಂತ ಕರೆಯುವುದು) ಇರುವ ಸಂಸ್ಥೆಯ ರಸೀದಿಗೇ ಅದು ಸಿಗುವುದು. ಅಲ್ಲೂ 2,000 ರೂಪಾಯಿ ಮೀರಿದ ನಗದಿಗೆ ಇಲ್ಲ.

ಇನ್ನು ಕಂಪನಿಗಳ ಸಿಎಸ್‌ಆರ್, ಅಂದರೆ ಲಾಭದ ಒಂದು ಪಾಲನ್ನು ಸಮಾಜದ ಕೆಲಸಕ್ಕೆ ಕೊಡುವುದು. 2013ರ ಕಂಪನಿ ಕಾಯ್ದೆಯ 135ನೇ ಕಲಮಿನ ಪ್ರಕಾರ 500 ಕೋಟಿ ನಿವ್ವಳ ಮೌಲ್ಯ, 1,000 ಕೋಟಿ ವಹಿವಾಟು, 5 ಕೋಟಿ ನಿವ್ವಳ ಲಾಭ, ಈ ಮೂರರಲ್ಲಿ ಒಂದಿರುವ ಕಂಪನಿ ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ 2 ಖರ್ಚು ಮಾಡಬೇಕು. ಅಪೌಷ್ಟಿಕತೆ, ಶಿಕ್ಷಣ, ಪರಿಸರ ಮೂರೂ ಅದರ ಪಟ್ಟಿಯಲ್ಲಿವೆ. ಆದರೆ 36,000 ರೂಪಾಯಿಯ ಕೆಲಸಕ್ಕೆ ದೊಡ್ಡ ಕಂಪನಿಯವರು ಫೋನೂ ಎತ್ತುವುದಿಲ್ಲ. ಚಿಕ್ಕ ಕೆಲಸ, ದೊಡ್ಡ ಕೆಲಸ ಎರಡಕ್ಕೂ ಅವರಿಗೆ ಕಾಗದದ ಕೆಲಸ ಒಂದೇ. ಒಂದು ಕ್ಲಸ್ಟರಿನ ಹತ್ತು ಶಾಲೆಗಳು ಸೇರಿ ಒಂದು ಪ್ರಸ್ತಾವ ಕೊಡಿ, ಸಿಆರ್‌ಪಿಯವರನ್ನು (ಕ್ಲಸ್ಟರಿನ ಶಾಲೆಗಳ ಸಂಪನ್ಮೂಲ ವ್ಯಕ್ತಿ) ಮುಂದೆ ಮಾಡಿಕೊಳ್ಳಿ. ಕಂಪನಿಯವರು ಟ್ರಸ್ಟ್ ಮೂಲಕ ಕೊಡುವುದಾದರೆ ಆ ಟ್ರಸ್ಟಿಗೆ ಸಿಎಸ್‌ಆರ್ ಕೆಲಸ ಮಾಡಲು ಬೇಕಾದ ಸಿಎಸ್‌ಆರ್-1 ನೋಂದಣಿ ಇದೆಯೇ ನೋಡಿ.

ಹೆಜ್ಜೆ 8: ಪತ್ರ

ಒಂದೇ ಪುಟ. ನಾವು ಬರೆದಿದ್ದು ಹೆಚ್ಚುಕಡಿಮೆ ಹೀಗಿತ್ತು:

‘ಮಾನ್ಯರೇ, ನಮ್ಮ ಶಾಲೆಯಲ್ಲಿ 96 ಮಕ್ಕಳು ಬಿಸಿಯೂಟ ಮಾಡುತ್ತಾರೆ. 40 ಚದರ ಮೀಟರ್ ತೋಟ ಮಾಡಿ ವಾರಕ್ಕೆ ಎರಡು ದಿನ ನಮ್ಮದೇ ಸೊಪ್ಪಿನ ಸಾರು ಮಾಡುವುದು ನಮ್ಮ ಗುರಿ. ಒಟ್ಟು ಖರ್ಚು 36,000. ಬೇಲಿಗೆ ಪಂಚಾಯಿತಿ ಒಪ್ಪಿದೆ, ಸಲಕರಣೆ ಇಕೋ ಕ್ಲಬ್‌ನಿಂದ, ಗೊಬ್ಬರ ಊರಿನವರದು. ತಮ್ಮಿಂದ ಟ್ಯಾಂಕು ಮತ್ತು ಪೈಪಿಗೆ 10,000 ರೂಪಾಯಿಯ ನೆರವು ಬೇಕು. ದುಡ್ಡಿನ ಬದಲು ಟ್ಯಾಂಕನ್ನೇ ಕೊಡಿಸಿದರೂ ಸರಿ. ಪ್ರತಿ ತಿಂಗಳು ಎಷ್ಟು ಕೆಜಿ ಬೆಳೆದೆವು ಅಂತ ತಿಳಿಸುತ್ತೇವೆ. ನಡಾವಳಿಯ ಪ್ರತಿ, ದರಪಟ್ಟಿ ಲಗತ್ತಿಸಿದೆ.’

ಬೇರೆಯವರು ಆಗಲೇ ಏನು ಕೊಟ್ಟಿದ್ದಾರೆ ಅನ್ನುವ ಸಾಲು ಇದರಲ್ಲಿ ಬಹಳ ಕೆಲಸ ಮಾಡುತ್ತದೆ. ಖಾಲಿ ತಟ್ಟೆಗೆ ಮೊದಲ ಕಾಸು ಹಾಕಲು ಯಾರಿಗೂ ಮನಸ್ಸಾಗುವುದಿಲ್ಲ.

ಹೆಜ್ಜೆ 9: ಎರಡು ಪುಸ್ತಕ

ಒಂದು ದುಡ್ಡಿನದು. ದೇಣಿಗೆ ಎಸ್‌ಡಿಎಂಸಿ ಖಾತೆಗೇ ಬರಲಿ, ಯಾರ ಫೋನ್‌ಪೇಗೂ ಬೇಡ. ರಸೀದಿ, ನಗದು ಪುಸ್ತಕ, ವೋಚರು, ಸಲಕರಣೆಗೆ ದಾಸ್ತಾನು ವಹಿ. ಅನುದಾನಕ್ಕೆ ಹಣ ಬಳಕೆ ಪ್ರಮಾಣಪತ್ರ ಕೊಡದಿದ್ದರೆ ಮುಂದಿನ ಕಂತು ಬರುವುದು ಕಷ್ಟ.

ಇನ್ನೊಂದು ತೂಕದ್ದು, ಅದು ಮಕ್ಕಳದು. ಕಿತ್ತಿದ್ದನ್ನೆಲ್ಲ ತೂಗಿ, ತಾರೀಖು, ತರಕಾರಿ, ಗ್ರಾಂ ಬರೆಯಬೇಕು. ನಾಲ್ಕನೇ ಕ್ಲಾಸಿನ ಗಣಿತ ಇದರಲ್ಲೇ ಆಗುತ್ತದೆ: ಮಡಿಯ ಸುತ್ತಳತೆ, ವಿಸ್ತೀರ್ಣ, ನೂರು ಬೀಜದಲ್ಲಿ ಮೊಳೆತದ್ದು ಎಷ್ಟು. ದಾನಿಗೆ ಕಳಿಸುವ ವರದಿಯೂ ಇದೇ. ತೋಟ ಪಾಠ ಆಗದಿದ್ದರೆ ಕೆಲವು ಶಿಕ್ಷಕರಿಗೆ ಅದು ಹೆಚ್ಚುವರಿ ಹೊರೆ, ಮಕ್ಕಳಿಗೆ ಬಿಟ್ಟಿ ಚಾಕರಿ. ಕಸ ಗುಡಿಸುವುದು, ಸಗಣಿ ಹೊರುವುದು ಯಾವ ಮಕ್ಕಳ ಪಾಲಿಗೆ ಬರುತ್ತಿದೆ ಅನ್ನುವುದರ ಮೇಲೂ ಕಣ್ಣಿಡಿ. ಹಾಜರಿ ಪುಸ್ತಕದ ಕ್ರಮದಲ್ಲೇ ಸರದಿ ಹಾಕಿ, ಗೋಡೆಗೆ ಅಂಟಿಸಿ. ನಮ್ಮೂರುಗಳಲ್ಲಿ ಇದನ್ನು ಬಾಯಿಬಿಟ್ಟು ಹೇಳಲೇಬೇಕು.

ಹೆಜ್ಜೆ 10: ಏಪ್ರಿಲ್, ಮೇ

ರಜೆಗೆ ಮೊದಲು ಸೊಪ್ಪು, ಬೆಂಡೆ ಎಲ್ಲ ಕಿತ್ತು ಮುಗಿಸಿ. ಬೀಜಕ್ಕೆ ಬಿಟ್ಟ ಗಿಡಗಳಿಂದ ಬೀಜ ತೆಗೆದು, ಬೂದಿ ಬೆರೆಸಿ ಡಬ್ಬಿಗೆ ಹಾಕಿ. ಖಾಲಿ ಮಡಿಗಳ ಮೇಲೆ ಒಣಗಿದ ಎಲೆ ದಪ್ಪಗೆ ಹೊದಿಸಿ. ಬೇಸಿಗೆಗೆ ನುಗ್ಗೆ, ಕರಿಬೇವು, ಪಪ್ಪಾಯಿ, ಚಕ್ರಮುನಿ, ಒಂದು ಬಸಳೆ ಚಪ್ಪರ, ಇಷ್ಟೇ ಉಳಿಯಲಿ. ದಿನಕ್ಕೆ 200 ಲೀಟರ್ ಬೇಕಿದ್ದ ಕಡೆ ಐವತ್ತು-ಅರವತ್ತರಲ್ಲಿ ಮುಗಿಯುತ್ತದೆ. ಉಳಿದ ನೀರನ್ನು ಟ್ಯಾಂಕಿನಲ್ಲಿಡಿ.

ನೀರು ಹಾಯಿಸುವ ಕೆಲಸವನ್ನು ನಾವು ಶಾಲೆ ಪಕ್ಕದ ಮನೆಯ ಅಡುಗೆ ಅಕ್ಕನಿಗೇ ಕೊಟ್ಟೆವು. ರಜೆಯಲ್ಲಿ ಅವರಿಗೆ ಬಿಸಿಯೂಟದ ಕೆಲಸವೂ ಇರುವುದಿಲ್ಲ. ಗೇಟಿನ ಬೀಗದ ಕೈ ಒಂದು ಅವರ ಹತ್ತಿರ, ಒಂದು ಎಸ್‌ಡಿಎಂಸಿ ಅಧ್ಯಕ್ಷರ ಹತ್ತಿರ. ದುಡ್ಡನ್ನು ವಾರವಾರ ಕೊಡಿ, ಕೊನೆಗೆ ಒಟ್ಟಿಗೆ ಬೇಡ.

ಮೇ ಮೂರನೇ ವಾರ, ಮುಂಗಾರಿಗೆ ಮುಂಚಿನ ಒಂದು ಹದಮಳೆ ಸಿಕ್ಕ ಕೂಡಲೇ ದಂಟು ಚೆಲ್ಲಿ. 25ರಿಂದ 30 ದಿನಕ್ಕೆ ಕೊಯ್ಲಿಗೆ ಬರುತ್ತದೆ, ಜೂನ್ ಮುಗಿಯುವುದರೊಳಗೆ ಮೊದಲ ಸಾರು. ಆ ಐವತ್ತು ಜನಕ್ಕೂ ಒಂದು ಫೋಟೊ ಕಳಿಸಿ. ಆಗಸ್ಟ್ 15ರದ್ದು ಬೇಡ, ಮೇ 20ರದ್ದು ಕಳಿಸಿ: ಸುತ್ತ ಬಯಲು ಒಣಗಿರುವಾಗ ಕಾಂಪೌಂಡಿನ ಒಳಗೆ ಹಸಿರಾಗಿ ನಿಂತ ನುಗ್ಗೆಗಿಡ, ಪಕ್ಕದಲ್ಲಿ ಬಿಂದಿಗೆ ಹಿಡಿದ ಅಕ್ಕ. ಮುಂದಿನ ವರ್ಷದ ಐವತ್ತು ದಿನಕ್ಕೆ ಕೇಳುವ ಪತ್ರವನ್ನು ಆ ಫೋಟೊದ ಕೆಳಗೇ ಬರೆಯಿರಿ.